ಮೀನಿನ ಪೆಟ್ಟಿಗೆಗೊಂದು ಪರದೆ

ದೊಡ್ಡ ಕೆಲಸಕ್ಕೆ ಕೈ ಹಾಕುವವನಿಗೆ ಅಚಲವಾದ ಶ್ರದ್ಧೆ ಬೇಕು. ಉಗುರಿನ ಸಂದಿಯ ಡಾಂಬರು ತೆಗೆಯಲು ಸೀಮೆಎಣ್ಣೆಯೂ ಬೇಕು. ನನ್ನ ಭಾವನಲ್ಲಿ ಮೊದಲನೆಯದು ಧಾರಾಳವಾಗಿತ್ತು. ಎರಡನೆಯದನ್ನು ಅಕ್ಕ ಅಡುಗೆಮನೆಯಿಂದ ಹೊರಗೆ ಬಿಡಲಿಲ್ಲ. ಹೀಗಾಗಿ ಆ ವರ್ಷ ಅವರು ಹತ್ತು ಕಪ್ಪು ಉಗುರುಗಳೊಂದಿಗೆ ನೆಂಟರ ಮದುವೆಗಳಿಗೆಲ್ಲ ಹೋಗಿಬಂದರು.

ಐವತ್ತರ ದಶಕದ ಕೊನೆ. ಭಾವ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರು. ಕದ್ರಿಯ ಇಳಿಜಾರಿನಲ್ಲಿ ಒಂದು ಜವಳಿ ಅಂಗಡಿ. ಅದರ ಮೇಲಿನ ಹಲಗೆಯ ಮಾಳಿಗೆಯಲ್ಲಿ ಅಕ್ಕ, ಭಾವ, ಕೆಲಸ ಹುಡುಕುತ್ತಿದ್ದ ನಾನು. ಅಂಗಡಿಯ ಮುಸ್ಲಿಂ ವ್ಯಾಪಾರಿ, ನಾವು ಬ್ಯಾರಿಗಳು ಎನ್ನುತ್ತಿದ್ದವರೇ, ಮನೆಯ ಧಣಿ.

ಭಾವನ ತಕರಾರು ಇಷ್ಟೆ. "ಮೀನನ್ನು ನಾವು ನೋಡುವುದು ಒಂದೋ ಮೇಲಿನಿಂದ, ಇಲ್ಲವೇ ಬಟ್ಟಲಲ್ಲಿ. ಜೀವ ಇರುವಾಗ ಬದಿಯಿಂದ ನೋಡಿದವರು ಈ ಊರಲ್ಲಿ ಯಾರು ಉಂಟು ಮಾರಾಯ?"

ಈ ಅನ್ಯಾಯವನ್ನು ಸರಿಪಡಿಸಲು ಪ್ಲೈವುಡ್ ಬಂತು. ಒಬ್ಬ ಮನುಷ್ಯ ಮಲಗುವಷ್ಟು ಉದ್ದದ ಪೆಟ್ಟಿಗೆ ಎದ್ದಿತು. ದೋಣಿಗೆ ಬಳಿಯುವ ಡಾಂಬರನ್ನು ಒಳಗೆ ಬಳಿದರು. ವಾಸನೆ ಹೋಗುವವರೆಗೆ ನೀರು ತುಂಬಿಸಿ ಚೆಲ್ಲಿದರು. ಮುಂಭಾಗಕ್ಕೆ ಮುಚ್ಚಿಹೋದ ಬೇಕರಿಯೊಂದರ ಕಪಾಟಿನ ದಪ್ಪ ಗಾಜು. ಬ್ಯಾರಿಗಳು ಬಂದು ಸುತ್ತ ನಡೆದು ನೋಡಿ, ಬಟ್ಟೆಯ ಮೇಲೆ ಒಂದು ಹನಿ ಬಿದ್ದರೂ ಪೆಟ್ಟಿಗೆ ಹೊರಗೆ, ಹಿಂದಿನಿಂದ ನೀವೂ ಹೊರಗೆ ಎಂದರು. ಭಾವ ಒಪ್ಪಿ ಮಾತು ಕೊಟ್ಟರು.

ಅಡಿಗೆ ಹೊಳೆದಂಡೆಯ ಹೊಯ್ಗೆ ಹಾಸಿ ನೀರು ತುಂಬಿಸಿದ ಮೇಲೆ, ಗದ್ದೆಯ ತೋಡಿನಿಂದ ತಂದ ಸಣ್ಣ ಮೀನುಗಳೂ ಮೀಸೆಯ ಎರಡು ಮುಗುಡು ಮೀನುಗಳೂ ಒಳಗೆ ಸೇರಿದವು. ನೋಡಲು ಬಂದವರೆಲ್ಲ ಗಾಜಿಗೆ ಮೂಗು ತಾಗಿಸಿ ಮೆಚ್ಚಿ, ಮುಗುಡು ಪುಳಿಮುಂಚಿ ಸಾರಿಗೆ ಬಹಳ ಒಳ್ಳೆಯದೆಂದು ಹೇಳಿ ಹೋಗುತ್ತಿದ್ದರು. ಭಾವನೂ ಮೀನು ತಿನ್ನುವುದನ್ನು ಬಿಟ್ಟವರಲ್ಲ. ಆದರೆ ಊಟಕ್ಕೆ ಕೂರುವ ಮೊದಲು ಅಕ್ಕನ ಹಳೆ ಸೀರೆಯ ಪರದೆಯೊಂದನ್ನು ಗಾಜಿನ ಮುಂದೆ ಎಳೆಯುತ್ತಿದ್ದರು.

"ಅವುಗಳ ಎದುರಿಗೆ ಬಂಗುಡೆ ತಿನ್ನಲಿಕ್ಕೆ ಒಂದು ದಾಕ್ಷಿಣ್ಯ ಬೇಡ್ವಾ?"

ಆ ಮಳೆಗಾಲದ ಒಂದು ಬೆಳಿಗ್ಗೆ ಕೆಳಗಿನಿಂದ ಬ್ಯಾರಿಗಳ ಸ್ವರ ಕೇಳಿತು. "ರೈಟ್ರೇ, ನಿಮ್ಮ ಸಮುದ್ರ ಕೆಳಗೆ ಇಳಿದು ಬಂತು."

ಭಾವ ಇಳಿದುಹೋಗಿ ಒದ್ದೆಯಾದ ಮಲ್ಲು ಬಟ್ಟೆಯನ್ನು ಮುಟ್ಟಿ ನೋಡಿದರು. ಮೇಲೆ ಬಂದವರೇ ಮೀನುಗಳನ್ನು ಅಕ್ಕನ ಅನ್ನದ ಪಾತ್ರೆಗೆ ದಾಟಿಸಿ ನೀರು ಮೊಗೆಯತೊಡಗಿದರು.

"ಎಲ್ಲಿ ಸೋರ್ತದೆಂತ ಮೊದಲು ನೋಡಿ," ಎಂದಳು ಅಕ್ಕ.

"ನೋಡ್ಲಿಕ್ಕೆ ಎಂತ ಉಂಟು? ಮಾತು ಕೊಟ್ಟಾಗಿದೆ."

ಬ್ಯಾರಿಗಳೂ ಹಿಂದೆಯೇ ಹತ್ತಿ ಬಂದು ಬಾಗಿಲಲ್ಲಿ ನಿಂತರು. ಪೆಟ್ಟಿಗೆ ಬರಿದಾಯಿತು. ಕೆಳಗೆ ಹನಿ ಬೀಳುವುದು ಮಾತ್ರ ನಿಲ್ಲಲಿಲ್ಲ. ನಾವು ಪೆಟ್ಟಿಗೆಯನ್ನು ಸರಿಸಿ ನೋಡಿದೆವು. ಅದರ ಹಿಂದಿನ ಗೋಡೆಯ ಮೇಲೆ ಮಳೆನೀರು ನಿಶ್ಚಿಂತೆಯಿಂದ ಇಳಿಯುತ್ತಿತ್ತು. ಮೇಲೆ ಒಂದು ಹಂಚು ಒಡೆದಿತ್ತು. ದಿನವಿಡೀ ಹಂಚಿನ ಲೆಕ್ಕ ಬರೆಯುವ ಮನುಷ್ಯ ಪ್ರತಿ ರಾತ್ರಿ ಆ ಮಾಡಿನ ಕೆಳಗೇ ಮಲಗುತ್ತಿದ್ದರು.

ಬ್ಯಾರಿಗಳು ತಲೆ ಎತ್ತಿ ಒಡೆದ ಹಂಚನ್ನು ನೋಡಿದರು. "ಹಂಚು ನಿಮ್ಮ ಕಾರ್ಖಾನೆದ್ದೇ ಅಲ್ವಾ ರೈಟ್ರೇ?"

"ಹೌದು. ಮಾಡು ನಿಮ್ಮದು."

ಇದಕ್ಕೆ ಉತ್ತರವಾಗಿ ಬ್ಯಾರಿಗಳು ಲುಂಗಿ ಎತ್ತಿ ಕಟ್ಟಿ, ಅಕ್ಕನಿಂದ ಕೊಡಪಾನ ಕೇಳಿ ಪಡೆದು, ಕೆಳಗೆ ಬಾವಿಕಟ್ಟೆಗೆ ಹೋದರು. ಮಧ್ಯಾಹ್ನದವರೆಗೂ ಅಂಗಡಿಯನ್ನು ನೆಂಟನೊಬ್ಬನಿಗೆ ಬಿಟ್ಟು ನಮ್ಮೊಂದಿಗೆ ಪೆಟ್ಟಿಗೆಗೆ ನೀರು ಹೊತ್ತರು. ಭಾವ ಒಮ್ಮೆ ಮಾತ್ರ ಬಾಯಿ ತೆರೆದರು: "ಮೆಲ್ಲ ಹೊಯ್ಯಿರಿ ಬ್ಯಾರಿಗಳೇ, ಅಡಿಯ ಹೊಯ್ಗೆ ಏಳ್ತದೆ." ಆಮೇಲೆ ಬ್ಯಾರಿಗಳು ಅಂಗಡಿ ಮುಚ್ಚಿದ ಮೇಲೆ ಹತ್ತಿ ಬಂದು, ಆ ಮುಗುಡುಗಳನ್ನು ಬದಿಯಿಂದ ನೋಡುತ್ತ ಕೂರುವುದು ರೂಢಿಯಾಯಿತು.

ಅರವತ್ತರ ದಶಕ ಮುಗಿಯುವ ಮೊದಲೇ ಭಾವ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜ ಮುಗಿಯುವವರೆಗೆ ಮನೆಯಲ್ಲಿ ಮೀನು ಬೇಯಿಸಲಿಲ್ಲ. ಮರುದಿನ ಬಂಗುಡೆ ಸಾರು ಆಯಿತು. ಬಟ್ಟಲಿನ ಮುಂದೆ ಕೂತಿದ್ದ ಅಕ್ಕ ಎದ್ದು ಹೋಗಿ, ಪರದೆ ಎಳೆದು, ಬಂದು ಕೂತಳು.

ಪೆಟ್ಟಿಗೆ ಆಗಲೂ ಸೋರುತ್ತಿರಲಿಲ್ಲ.