ಮಕ್ಕಳು ಕುಡಿಯುವ ನೀರು

ಮೊದಲು ಹೋದದ್ದು ಅವಳ ಹಸಿವು.

ಐದು ವಾರದಿಂದ ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತು, ಅಂಗೈಯೆಲ್ಲ ಸಾರು ಮಾಡಿಕೊಂಡು ಉಣ್ಣುತ್ತಿದ್ದ ಹುಡುಗಿ ಒಂದು ಸೋಮವಾರ ತಟ್ಟೆ ಸರಿಸಿಟ್ಟಳು. ಒಗ್ಗರಣೆಯ ವಾಸನೆಗೆ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ನಮ್ಮ ಊಟ ಒಗ್ಗಿಲ್ಲ ಅಂದುಕೊಂಡೆ. ಮರುದಿನ ಜ್ವರ. ಆಮೇಲೆ ಎರಡು ದಿನ ಬರೀ ಸುಸ್ತು. ಶುಕ್ರವಾರ ಬೆಳಿಗ್ಗೆ ಜಗಲಿಯಲ್ಲಿ ಚಂದ್ರಿಕಾಳ ಜಡೆ ಹೆಣೆಯುತ್ತ ಕೂತಿದ್ದಳು. ಎಂಟು ವರ್ಷದ ಚಂದ್ರಿಕಾ ತಿರುಗಿ ಅವಳ ಮುಖ ನೋಡಿ ನನ್ನನ್ನು ಕೂಗಿದಳು.

"ಆಂಟೀ, ಮೇಘನಕ್ಕನ ಕಣ್ಣು ನೋಡಿ ಬನ್ನಿ. ಅರಿಶಿನ ಹಾಕ್ದಂಗಿದೆ."

ನಾನು ಸುಗುಣ. ಉತ್ತರಹಳ್ಳಿಯ ಒಂದು ಅನಾಥಾಲಯದಲ್ಲಿ ಹದಿನಾಲ್ಕು ವರ್ಷದಿಂದ ವಾರ್ಡನ್ ಆಗಿದ್ದೇನೆ. ಮೂವತ್ತೊಂದು ಹೆಣ್ಣುಮಕ್ಕಳಿದ್ದಾರೆ. ನಡೆಸುವುದು ಜಯನಗರದ ಒಂದು ಚರ್ಚಿನ ಕಮಿಟಿ. ಆ ಹುಡುಗಿಯ ಹೆಸರು ಮೇಗನ್. ನಮ್ಮ ಮಕ್ಕಳ ಬಾಯಲ್ಲಿ ಮೊದಲ ದಿನವೇ ಮೇಘನಾ ಆದಳು. ಹದಿನಾರು ವರ್ಷ. ಅಮೆರಿಕದ ಒಂದು ಚರ್ಚಿನಿಂದ ಆರು ವಾರ ಸೇವೆ ಮಾಡಲು ಬಂದಿದ್ದ ಒಂಬತ್ತು ಜನರ ತಂಡದಲ್ಲಿ ಅವಳೇ ಚಿಕ್ಕವಳು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಂಥ ತಂಡಗಳು ಬಂದರೆ ನನಗೆ ಸಂತೋಷವಾಗುತ್ತಿರಲಿಲ್ಲ. ಬರುತ್ತಾರೆ, ಗೋಡೆಗೆ ಬಣ್ಣ ಬಳಿಯುತ್ತಾರೆ, ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ, ಹೋಗುವಾಗ ಅಳುತ್ತಾರೆ. ಅವರು ಹೋದ ಮೇಲೆ ಒಂದು ವಾರ ನಮ್ಮ ಮಕ್ಕಳು ಅಳುತ್ತಾರೆ. ಆ ಒಂದು ವಾರ ಅವರನ್ನು ಸಮಾಧಾನ ಮಾಡುವುದು ನನ್ನ ಪಾಲು.

ಮೇಗನ್ ಬಂದ ಮೊದಲ ವಾರದಲ್ಲೇ ಒಂದು ಮಧ್ಯಾಹ್ನ, ತಂಡದವರೆಲ್ಲ ಬಾಟಲಿ ನೀರು ಕುಡಿಯುತ್ತಿದ್ದಾಗ ಇವಳು ಎದ್ದು ನನ್ನ ಹತ್ತಿರ ಬಂದಳು. ಮಕ್ಕಳು ಯಾವ ನೀರು ಕುಡಿಯುತ್ತಾರೆ ಎಂದು ಕೇಳಿದಳು. ಮೂಲೆಯ ಡ್ರಮ್ಮು ತೋರಿಸಿದೆ. ಒಂದು ಲೋಟ ಮೊಗೆದು ಗಟಗಟ ಕುಡಿದಳು. ಆಮೇಲೆ ದಿನವೂ ಅದನ್ನೇ ಕುಡಿದಳು.

ತಡೆಯಬಹುದಿತ್ತು. ತಡೆಯಲಿಲ್ಲ. ಇಷ್ಟು ವರ್ಷದಲ್ಲಿ ಬಂದವರಲ್ಲಿ ಇವಳೊಬ್ಬಳೇ ನಮ್ಮವಳ ಹಾಗಿದ್ದಾಳೆ ಎಂದು ಹೆಮ್ಮೆಪಟ್ಟೆ.

ಜಯನಗರದ ನರ್ಸಿಂಗ್ ಹೋಮ್‌ನಲ್ಲಿ ಅಡ್ಮಿಟ್ ಮಾಡಿಕೊಂಡರು. ರಕ್ತದಲ್ಲಿ ಒಂದರ ಆಸುಪಾಸು ಇರಬೇಕಾದ ಬಿಲಿರುಬಿನ್ ಹದಿನಾಲ್ಕು ಇತ್ತು. ನಮ್ಮನ್ನು ನೋಡಿಕೊಂಡ ಡಾಕ್ಟರ್ ಮೇಡಂ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಮಾತು ಕಡಿಮೆ. ಇನ್ನು ನಾಲ್ಕು ದಿನಕ್ಕೆ ತಂಡದ ಫ್ಲೈಟ್ ಇತ್ತು. ಈ ಸ್ಥಿತಿಯಲ್ಲಿ ಕಳಿಸುವ ಮಾತೇ ಇಲ್ಲ ಎಂದರು. ತಂಡದ ನಾಯಕ ಸ್ಟೀವ್ ತಾನು ಉಳಿಯುತ್ತೇನೆಂದು ನಮ್ಮ ಚರ್ಚಿನ ಪಾಸ್ಟರ್ ಮನೆಯಲ್ಲಿ ನಿಂತ. ಆದರೆ ಹೆಣ್ಣುಮಗುವಿನ ಹಾಸಿಗೆಯ ಪಕ್ಕ ಹೆಂಗಸೇ ಇರಬೇಕಲ್ಲ. ನಾನು ಉಳಿದೆ. ಅನಾಥಾಲಯವನ್ನು ಅಡುಗೆಯ ರುದ್ರಮ್ಮ ನೋಡಿಕೊಂಡರು.

ಅವಳ ತಾಯಿಗೆ ಪಾಸ್‌ಪೋರ್ಟೇ ಇರಲಿಲ್ಲವಂತೆ. ಅದನ್ನು ಮಾಡಿಸಿ, ವೀಸಾ ತೆಗೆದುಕೊಂಡು ಹೊರಡುವಷ್ಟರಲ್ಲಿ ಎರಡು ವಾರವಾದರೂ ಬೇಕು. ಶುಕ್ರವಾರ ಸಂಜೆ ಎದುರಿನ ಐಎಸ್‌ಡಿ ಬೂತಿನಿಂದ ಸ್ಟೀವ್ ಫೋನು ಮಾಡಿ, ರಿಸೀವರನ್ನು ನನ್ನ ಕೈಗೆ ಕೊಟ್ಟ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಜೊತೆಗಿದ್ದೇನೆ ಎಂದಷ್ಟೇ ಹೇಳಿದೆ. ಆ ತಾಯಿ ಅಳಲಿಲ್ಲ. ಒಂದೊಂದೇ ಪದ ಬಿಡಿಸಿ ಹೇಳಿದರು: ಅವಳು ಚೆನ್ನಾಗಿದ್ದೇನೆ ಅಂತಾಳೆ, ನಂಬಬೇಡಿ.

ಆ ಮಾತು ತುಂಬ ಉಪಯೋಗಕ್ಕೆ ಬಂತು. ಕೇಳಿದಾಗಲೆಲ್ಲ ಮೇಗನ್ ಚೆನ್ನಾಗಿದ್ದೇನೆ ಎನ್ನುತ್ತಿದ್ದಳು. ಹಾಗೆ ಹೇಳುತ್ತಲೇ ಬೇಸಿನ್ನಿಗೆ ಕೈ ಚಾಚುತ್ತಿದ್ದಳು. ಮೈಯೆಲ್ಲ ತುರಿಕೆ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಮೊದಲ ದಿನ ನಾಚಿಕೆಯಿಂದ ಗೋಡೆಯ ಕಡೆ ತಿರುಗಿಕೊಂಡಳು. ಮರುದಿನ ಸುಮ್ಮನೆ ಕೈ ಮುಂದೆ ಮಾಡಿದಳು.

ಆ ಶನಿವಾರ ಬೆಳಿಗ್ಗೆಯೇ ಡಾಕ್ಟರ್ ಕೇಸ್ ಶೀಟ್ ಬರೆಯುತ್ತ ಕೇಳಿದರು.

"ಇದು ನೀರಿಂದ ಬರೋ ಜಾಂಡೀಸ್. ವೈರಸ್ ಮೈಗೆ ಹೊಕ್ಕು ಮೂರು ನಾಲ್ಕು ವಾರ ಆದ್ಮೇಲೆ ತೋರಿಸ್ಕೊಳ್ಳುತ್ತೆ. ಆಗ ಇವ್ಳು ಎಲ್ಲಿದ್ಲು?"

"ನಮ್ಮಲ್ಲೇ ಇದ್ಲು ಮೇಡಂ."

"ನಿಮ್ಮಲ್ಲಿ ಇನ್ಯಾರಿಗಾದ್ರೂ ಜಾಂಡೀಸ್ ಆಗಿತ್ತಾ?"

"ಮಳೆ ಶುರುವಾದ್ಮೇಲೆ ಮೂರ್ನಾಲ್ಕು ಮಕ್ಳಿಗೆ ಬರುತ್ತೆ ಮೇಡಂ. ನೆಲನೆಲ್ಲಿ ಅರೆದು ಮಜ್ಜಿಗೇಲಿ ಕೊಡ್ತೀವಿ, ಹೋಗುತ್ತೆ. ಮಾಮೂಲು."

ಅವರು ಪೆನ್ನು ಕೆಳಗಿಟ್ಟರು.

"ಮಾಮೂಲಾ?"

ಅಷ್ಟೇ ಕೇಳಿದ್ದು. ಹದಿನಾಲ್ಕು ವರ್ಷ. ಪ್ರತಿ ವರ್ಷ ಹಳದಿ ಕಣ್ಣಿನ ಮೂರೋ ನಾಲ್ಕೋ ಮಕ್ಕಳನ್ನು ಸ್ಕೂಲಿಗೆ ಕಳಿಸದೆ ಮಲಗಿಸಿದ್ದೇನೆ, ಎದ್ದ ಮೇಲೆ ದೇವರಿಗೆ ಸ್ತೋತ್ರ ಹೇಳಿದ್ದೇನೆ. ಯಾಕೆ ಬರುತ್ತದೆ ಎಂದು ಯಾರನ್ನೂ ಕೇಳಿರಲಿಲ್ಲ. ನನ್ನನ್ನೂ ಯಾರೂ ಕೇಳಿರಲಿಲ್ಲ. ದೂರದ ದೇಶದ ಒಬ್ಬ ಹುಡುಗಿಯ ಕಣ್ಣು ಹಳದಿಯಾದದ್ದೇ ತಡ, ನರ್ಸಿಂಗ್ ಹೋಮ್, ಸ್ಪೆಷಲ್ ವಾರ್ಡು, ದಿನಕ್ಕೆರಡು ಸಲ ಬ್ಲಡ್ ಟೆಸ್ಟು. ಕರೆದುಕೊಂಡು ಬಂದವಳು ನಾನೇ, ನನ್ನ ಈ ಕಾಲಲ್ಲೇ ಓಡಿ ಆಟೋ ತಂದವಳು. ಚಂದ್ರಿಕಾಗೆ ಹೋದ ವರ್ಷ ಹೀಗೇ ಕಣ್ಣು ಹಳದಿಯಾಗಿದ್ದಾಗ ಈ ಕಾಲು ಯಾಕೆ ಏಳಲಿಲ್ಲ?

ಡಾಕ್ಟರ್ ನನ್ನನ್ನು ಬೈಯಲಿಲ್ಲ. "ಇವತ್ತಿಂದ ನೀರು ಕುದಿಸಿ. ಸೋಮವಾರ ಎಲ್ಲಾ ಮಕ್ಕಳನ್ನೂ ಕರ್ಕೊಂಡು ಬನ್ನಿ, ನೋಡ್ತೀನಿ" ಎಂದರು.

ಅದೇ ಮಧ್ಯಾಹ್ನ ಮೇಗನ್ ರಿಪೋರ್ಟ್ ಬಂತು. ಪ್ರೋಥ್ರಾಂಬಿನ್ ಟೈಮ್ ಏರಿತ್ತು. ರಕ್ತ ಬೇಗ ಹೆಪ್ಪುಗಟ್ಟುತ್ತಿಲ್ಲ, ಲಿವರ್ ಸೋಲುತ್ತಿರಬಹುದು ಎಂದು ಡಾಕ್ಟರ್ ವಿವರಿಸಿದರು. ಅವಳಿಗೋ ಯಾವಾಗಲೂ ಮಂಪರು.

"ಗಂಟೆಗೊಂದ್ಸಲ ಎಬ್ಬಿಸಿ ಹೆಸರು ಕೇಳಿ. ಇವತ್ತು ಯಾವ ವಾರ ಅಂತ ಕೇಳಿ. ಲಿವರ್ ಕೈಕೊಟ್ರೆ ಮೊದ್ಲು ಗೊತ್ತಾಗೋದು ತಲೇಲಿ. ತಪ್ಪು ಹೇಳಿದ್ರೆ ತಕ್ಷಣ ನನ್ನ ಕರೀರಿ."

ಶನಿವಾರ ಪೂರ್ತಿ ಕೇಳಿದೆ. ಸರಿಯಾಗಿ ಹೇಳಿದಳು. ಭಾನುವಾರ ಬೆಳಿಗ್ಗೆಯೂ ಹೇಳಿದಳು. ಚರ್ಚಿನಲ್ಲಿ ಎಲ್ಲರೂ ಪ್ರಾರ್ಥನೆ ಮಾಡುತ್ತಿದ್ದಾರೆಂದು ಪಾಸ್ಟರ್ ಹೇಳಿ ಕಳಿಸಿದ್ದರು. ನನಗೆ ಪ್ರಾರ್ಥನೆಗೆ ಮಾತೇ ಹೊರಡಲಿಲ್ಲ. ಸುಮ್ಮನೆ ಅವಳ ಪಾದ ಹಿಡಿದುಕೊಂಡು ಕೂತಿದ್ದೆ. ಹನ್ನೊಂದರ ಹೊತ್ತಿಗೆ ಮತ್ತೆ ಅಲುಗಿಸಿ ಹೆಸರು ಕೇಳಿದೆ.

ಕಣ್ಣು ಬಿಡದೆ ಹೇಳಿದಳು. "ನನ್ನ ಹೆಸರು ಮೇಘನಾ."



ಬರಿಗಾಲಲ್ಲಿ ಕಾರಿಡಾರಿಗೆ ಓಡಿದೆ. "ಮೇಡಂ, ತಪ್ಪು ಹೆಸರು ಹೇಳ್ತಿದ್ದಾಳೆ! ಬೇಗ ಬನ್ನಿ!" ಡಾಕ್ಟರ್ ಓಡಿ ಬಂದು ಅವಳ ಕೆನ್ನೆ ತಟ್ಟಿ ಇಂಗ್ಲಿಷಿನಲ್ಲಿ ಕೇಳಿದರು. ಮೇಗನ್ ಕಣ್ಣು ಬಿಟ್ಟು ತನ್ನ ಪೂರ್ತಿ ಹೆಸರು ಹೇಳಿದಳು. ಭಾನುವಾರ ಎಂದಳು. ಜಯನಗರ ಎಂದಳು. ಆಮೇಲೆ ನನ್ನ ಕಡೆ ನೋಡಿ, ಆಂಟಿ ಯಾಕೆ ಅಳುತ್ತಿದ್ದಾರೆ ಎಂದು ಕೇಳಿದಳು.

ಡಾಕ್ಟರ್ ನನ್ನತ್ತ ತಿರುಗಿದರು. "ನೀವು ಯಾವ ಭಾಷೇಲಿ ಕೇಳಿದ್ರಿ?"

ಎರಡು ದಿನದ ನಿದ್ದೆಗೇಡಿನಲ್ಲಿ ನಾನು ಕನ್ನಡದಲ್ಲೇ ಕೇಳಿಬಿಟ್ಟಿದ್ದೆ. ಮಕ್ಕಳು ಪ್ರತಿ ಸಂಜೆ ಅವಳಿಗೆ ಕಲಿಸಿದ ಪಾಠವನ್ನು ಅವಳು ಕನ್ನಡದಲ್ಲೇ ಒಪ್ಪಿಸಿದ್ದಳು. ಆ ಡಾಕ್ಟರ್ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೋಡೆಗೆ ಒರಗಿಕೊಂಡು ನಕ್ಕರು.

ಸಂಜೆಯ ರಿಪೋರ್ಟಿನಲ್ಲಿ ಪ್ರೋಥ್ರಾಂಬಿನ್ ಟೈಮ್ ಏರಿರಲಿಲ್ಲ. ಸೋಮವಾರ ಸ್ವಲ್ಪ ಇಳಿಯಿತು. ಬುಧವಾರ ಅವಳೇ ಬಾಯಿಬಿಟ್ಟು ಗಂಜಿ ಕೇಳಿದಳು. ಒಂದು ಚಿಟಿಕೆ ಉಪ್ಪು ಹಾಕಿ ಕುಡಿಸಿದೆ.

ಅವಳು ದಿಂಬಿಗೆ ಒರಗಿ ಕೂರುವಂತಾದ ಮೇಲೆ ಒಂದು ಮಧ್ಯಾಹ್ನ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ಆ ನೀರನ್ನು ಕುಡಿಯಬೇಡ ಎಂದು ನಾನು ಹೇಳಬೇಕಿತ್ತು, ತಪ್ಪಾಯಿತು ಎಂದೆ. ಅವಳ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನನಗೆ ಗೊತ್ತಿತ್ತು ಆಂಟಿ. ಕುಡೀಬಾರ್ದು ಅಂತ ಹೊರಡೋ ಮುಂಚೆ ಹತ್ತು ಸಲ ಹೇಳಿದ್ರು."

"ಮತ್ತೆ ಯಾಕೆ ಕುಡಿದೆ?"

ಹೊದಿಕೆಯ ಅಂಚು ಮಡಿಸುತ್ತ ಹೇಳಿದಳು. "ಮಕ್ಕಳಿಗೋಸ್ಕರ ಅಂತ ಮನೆಗೆ ಕಾಗದ ಬರೆದೆ. ಅದು ಪೂರ್ತಿ ನಿಜ ಅಲ್ಲ. ನೀವು ನಮ್ಮನ್ನ ನೋಡಿ ಒಂದ್ಸಲಾನೂ ನಗ್ತಿರ್ಲಿಲ್ಲ. ಆ ನೀರು ಕುಡಿದ ದಿನ ನಕ್ಕಿರಿ."

ಅವಳ ತಲೆಗೂದಲು ಸಿಕ್ಕಾಗಿತ್ತು. ಬಾಚಣಿಗೆ ತೆಗೆದುಕೊಂಡು ಬಿಡಿಸತೊಡಗಿದೆ.

ಅತ್ತ ಸೋಮವಾರ ನಮ್ಮ ಮಕ್ಕಳನ್ನೆಲ್ಲ ಪಾಸ್ಟರ್ ಚರ್ಚಿನ ವ್ಯಾನಿನಲ್ಲಿ ಎರಡು ಸಲ ತುಂಬಿಕೊಂಡು ತಂದಿದ್ದರು. ನಾಲ್ವರ ಲಿವರ್ ಟೆಸ್ಟ್ ಸರಿ ಬರಲಿಲ್ಲ. ಅದರಲ್ಲಿ ಚಂದ್ರಿಕಾ ಒಬ್ಬಳು. ದೇವರ ದಯೆ, ಯಾರಿಗೂ ಅಡ್ಮಿಷನ್ ಬೇಕಾಗಲಿಲ್ಲ. ಅದೇ ವಾರ ನಾನು ಅರ್ಧ ದಿನ ಬಂದು, ಆ ಡ್ರಮ್ಮಿಗೆ ನೀರು ತುಂಬುವ ನೆಲದಡಿಯ ಸಂಪು ಬರಿದು ಮಾಡಿಸಿ ನೋಡಿದರೆ ಒಂದು ಗೋಡೆ ಉದ್ದಕ್ಕೂ ಬಿರುಕು. ಹತ್ತು ಹೆಜ್ಜೆಯಾಚೆ ಕಕ್ಕಸು ಗುಂಡಿ. ಪಾಸ್ಟರ್ ಬಗ್ಗಿ ಬಿರುಕು ನೋಡಿ ನನ್ನತ್ತ ತಿರುಗಿದರು.

"ಸುಗುಣಮ್ಮ, ಇಷ್ಟು ವರ್ಷ ನೀವು ಒಂದ್ಮಾತು ಹೇಳ್ಬಾರ್ದಿತ್ತಾ?"

"ಹೇಳ್ಬೇಕಿತ್ತು. ನೀವೂ ಒಂದ್ಸಲ ಕೇಳ್ಬೇಕಿತ್ತು ಪಾಸ್ಟರ್."

ಹದಿನಾಲ್ಕು ವರ್ಷದಲ್ಲಿ ಅವರಿಗೆ ನಾನು ಎದುರಾಡಿದ್ದು ಅದೊಂದೇ ಸಲ. ಅವರು ಕೋಪ ಮಾಡಿಕೊಳ್ಳಲಿಲ್ಲ. ಹೌದು ಎಂದು ತಲೆಯಾಡಿಸಿದರು.

ಮೇಗನ್ ತಾಯಿ ಬಂದಾಗ ಅವಳು ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು ನಡೆಯುತ್ತಿದ್ದಳು. ಅವರು ಮಗಳನ್ನು ತಬ್ಬಿಕೊಂಡರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು. ಹೊರಡುವ ಹಿಂದಿನ ದಿನ ಉತ್ತರಹಳ್ಳಿಗೆ ಬಂದು ಹೋದರು. ಮಕ್ಕಳು ಅತ್ತರು. ಈ ಸಲ ನಾನೂ ಅತ್ತೆ.

ಇದೆಲ್ಲ ಆಗಿ ಮೂರು ತಿಂಗಳು. ಅವಳ ಟೆಸ್ಟ್‌ಗಳು ನಾರ್ಮಲ್ ಬಂದಿವೆ ಎಂದು ಕಾಗದ ಬಂದಿದೆ. ಇನ್ನೂ ಬೇಗ ಆಯಾಸವಾಗುತ್ತದಂತೆ. ನಮ್ಮ ನಾಲ್ವರೂ ಆಡಿಕೊಂಡಿದ್ದಾರೆ. ಸಂಪು ಮುಚ್ಚಿಸಿ, ಗುಂಡಿಯಿಂದ ದೂರದಲ್ಲಿ ಹೊಸ ಟ್ಯಾಂಕ್ ಕಟ್ಟಿಸಿದ್ದಾರೆ. ಆದರೂ ರುದ್ರಮ್ಮ ನೀರು ಕುದಿಸುವುದನ್ನು ಬಿಟ್ಟಿಲ್ಲ. ಮುಂದಿನ ಮಳೆಗಾಲ ದಾಟುವವರೆಗೆ ಗೆದ್ದೆವೆಂದು ಹೇಳಲಾರೆ. ಆ ಕಾಯಿಲೆಗೆ ಉಪಕಾರ ಸ್ಮರಿಸುವಷ್ಟು ದೊಡ್ಡ ಮನಸ್ಸೂ ನನಗಿಲ್ಲ. ಆದರೆ ಕಳೆದ ತಿಂಗಳ ಕಮಿಟಿ ಮೀಟಿಂಗಿನಲ್ಲಿ ಅಧ್ಯಕ್ಷರು ಎಂದಿನಂತೆ, "ಇನ್ನೇನಾದ್ರೂ ಇದೆಯಾ ಸುಗುಣಮ್ಮ?" ಎಂದು ಫೈಲು ಮಡಚುತ್ತ ಕೇಳಿದಾಗ ನಾನು ಎಂದಿನಂತೆ ಇಲ್ಲ ಎನ್ನಲಿಲ್ಲ.

"ಇದೆ ಸಾರ್. ತಿಂಗಳಿಗೊಂದ್ಸಲ ಡಾಕ್ಟರ್ ಬಂದು ಮಕ್ಕಳನ್ನ ನೋಡ್ಬೇಕು."

ಒಪ್ಪಿದರು. ಇಷ್ಟು ಸುಲಭವಾಗಿ ಒಪ್ಪುತ್ತಾರೆಂದು ಗೊತ್ತಿದ್ದರೆ ಹದಿನಾಲ್ಕು ವರ್ಷದ ಹಿಂದೆಯೇ ಕೇಳುತ್ತಿದ್ದೆ.

ಮೊನ್ನೆ ಶನಿವಾರ ಅದೇ ಡಾಕ್ಟರ್ ಮೇಡಂ ಬಂದರು. ಜಗಲಿಯಲ್ಲಿ ಕುರ್ಚಿ ಹಾಕಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ದೊಡ್ಡ ಹುಡುಗಿಯರು ನಾಚಿಕೊಂಡು ಒಬ್ಬರ ಹಿಂದೊಬ್ಬರು ಅಡಗಿದರು. ಚಂದ್ರಿಕಾ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋಗಿ, ಡಾಕ್ಟರ್ ಇನ್ನೂ ಬ್ಯಾಗು ತೆರೆಯುವ ಮೊದಲೇ ನಾಲಿಗೆ ಚಾಚಿ ನಿಂತಳು.