ಖಾಲಿ ಪೊಟ್ಟಣ ಓದುವ ಡಾಕ್ಟರಮ್ಮ

ಸಾಕುಪ್ರಾಣಿಗಳ ವೈದ್ಯರಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆಸರಾದವರಿದ್ದಾರೆ, ಕೈಗುಣದಿಂದ ಹೆಸರಾದವರಿದ್ದಾರೆ. ರೋಗಿಯ ಮನೆಯ ಕಸದ ಬುಟ್ಟಿಯನ್ನು ಓದಿ ಹೆಸರಾದವರು, ಈಗ ನಿವೃತ್ತರಾಗುತ್ತಿರುವ ನಮ್ಮ ಆಸ್ಪತ್ರೆಯ ಹಿರಿಯ ವೈದ್ಯೆ, ಎಲ್ಲರ ಬಾಯಲ್ಲಿ ‘ಡಾಕ್ಟರಮ್ಮ’, ಒಬ್ಬರೇ. ಬೆಕ್ಕಿಗೆ ಏನು ಹಾಕುತ್ತೀರಿ ಎಂದು ಕೇಳಿದರೆ ಜನ ಹಾಕಬೇಕೆಂದುಕೊಂಡದ್ದನ್ನು ಹೇಳುತ್ತಾರೆ, ಹಾಕಿದ್ದನ್ನು ಬುಟ್ಟಿಯೇ ಹೇಳುತ್ತದೆ ಎಂಬುದು ಅವರ ಅನುಭವ. ಅದಕ್ಕೇ ಸಕ್ಕರೆ ಕಾಯಿಲೆಯ ಬೆಕ್ಕು ತಂದವರೆಲ್ಲ ಮರುಸಲ ಅದರ ಊಟದ ಖಾಲಿ ಪೊಟ್ಟಣಗಳನ್ನೂ ತರಲೇಬೇಕಿತ್ತು.

ಇಂದು ಅವರ ಮುಖ ನಿಂತ ನೀರಿನಂತೆ ಶಾಂತ. ಸೇವೆಗೆ ಸೇರಿದ ಹೊಸದರಲ್ಲಿ ಹಾಗಿರಲಿಲ್ಲ. ಬೆಚ್ಚಿದರೆ ಕಾಯುವ ಕೋಣೆಯವರೆಗೂ ಕೇಳಿಸುತ್ತಿತ್ತು.

ಆ ದಿನಗಳಲ್ಲಿ ಎದುರು ಬೀದಿಯ ದರ್ಜಿ ಹೆಂಗಸೊಬ್ಬರು ತಮ್ಮ ಬೂದು ಬೆಕ್ಕು ‘ದೊರೆ’ಯನ್ನು ಕರೆತರುತ್ತಿದ್ದರು. ಬೆಳಿಗ್ಗೆ ಸಂಜೆ ಇನ್ಸುಲಿನ್ ಸೂಜಿ ತಪ್ಪುತ್ತಿರಲಿಲ್ಲ, ಆದರೂ ರಕ್ತದ ಸಕ್ಕರೆ ಇಳಿಯುತ್ತಿರಲಿಲ್ಲ. ಪ್ರಮಾಣ ಏರಿಸಿದ್ದೇ ಬಂತು. ಕೊನೆಗೆ ಡಾಕ್ಟರಮ್ಮ ಕೇಳಿದ್ದಕ್ಕೆ ದರ್ಜಿ ಅವನ ಊಟದ ಖಾಲಿ ಪೊಟ್ಟಣ ತಂದು ಹೆಮ್ಮೆಯಿಂದ ಮೇಜಿನ ಮೇಲಿಟ್ಟರು.

“ಧಾನ್ಯ ಇಲ್ಲ ಅಂತ ದಪ್ಪಕ್ಷರದಲ್ಲೇ ಬರೆದಿದೆ ನೋಡಿ. ನಾನು ತಿನ್ನೋದಕ್ಕಿಂತ ದುಬಾರಿ!”

ಡಾಕ್ಟರಮ್ಮ ಪೊಟ್ಟಣದ ಬೆನ್ನು ತಿರುಗಿಸಿದರು. ರಕ್ತದಲ್ಲಿ ಸಕ್ಕರೆಯಾಗುವ ಪಿಷ್ಟ ಎಷ್ಟಿದೆಯೆಂದು ಅಲ್ಲಿ ಬರೆದಿರಲಿಲ್ಲ. ಪ್ರೋಟೀನು, ಕೊಬ್ಬು, ನಾರು, ತೇವ, ಬೂದಿಯೆಂದು ನಮೂದಿಸುವ ಖನಿಜಾಂಶ ಎಲ್ಲದರ ಶೇಕಡಾ ಪ್ರಮಾಣವನ್ನೂ ಕೂಡಿ ನೂರರಿಂದ ಕಳೆದರೆ ಉಳಿಯುವುದೇ ಪಿಷ್ಟ. ಕಳೆದರು. ಮೂವತ್ತೇಳು ಉಳಿಯಿತು.

“ಅಯ್ಯಯ್ಯೋ!” ಎಂದು ಕೂಗಿಯೇಬಿಟ್ಟರು. “ಧಾನ್ಯ ಇಲ್ಲ ಸರಿ. ಆಲೂಗಡ್ಡೆ, ಬಟಾಣಿ ತುಂಬಿದ್ದಾರಲ್ರೀ! ಇವನಿಗೆ ಬೇಕಿರೋದು ಮಾಂಸದ ಡಬ್ಬಿ ಊಟ, ಪಿಷ್ಟ ಹತ್ತರೊಳಗಿರಬೇಕು.”

ದರ್ಜಿಯ ಮುಖ ಬಿಳಿಚಿಹೋಯಿತು. “ಇಷ್ಟು ದಿನ ನಾನೇ ವಿಷ ಹಾಕಿದೆನಾ?”

ಊಟ ಬದಲಿಸುವಾಗ ಸೂಜಿಯನ್ನೂ ಇಳಿಸಬೇಕು, ನಾಳೆ ಇಲ್ಲೇ ಇಟ್ಟುಕೊಂಡು ಪರೀಕ್ಷಿಸುತ್ತಾ ಬದಲಿಸೋಣ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಆದರೆ ಹೇಳಿದ್ದು ಕೂಗಿದ ಮೇಲೆ. ಕೂಗಿದ ಮೇಲೆ ಹೇಳಿದ್ದು ಯಾರ ಕಿವಿಗೂ ಇಳಿಯುವುದಿಲ್ಲವೆಂದು ಅವರಿಗಿನ್ನೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುತ್ತಿದ್ದಂತೆ ದರ್ಜಿ ಓಡಿಬಂದರು. ಯಾರದೋ ಅರ್ಧ ಹೊಲಿದ ಬಟ್ಟೆಯಲ್ಲಿ ದೊರೆ ಸೆಟೆದು ನಡುಗುತ್ತಿದ್ದ.

“ನೀವು ಹೇಳಿದ್ದೇ ಹಾಕಿದ್ದು ಡಾಕ್ಟರಮ್ಮಾ! ನಿನ್ನೆಯಿಂದ ಬರೀ ಡಬ್ಬಿ!”

“ಸೂಜಿ?”

“ತಪ್ಪಿಸ್ತೀನಾ? ಯಾವತ್ತಿನಷ್ಟೇ ಕೊಟ್ಟೆ.”

ಡಾಕ್ಟರಮ್ಮ ದೊರೆಯ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದರು. ಪಿಷ್ಟ ಹೋಗಿದೆ, ಅದಕ್ಕೆಂದು ಏರಿಸಿದ ಇನ್ಸುಲಿನ್ ಹಾಗೇ ಉಳಿದಿದೆ. ಸಕ್ಕರೆ ಪಾತಾಳಕ್ಕಿಳಿದಿತ್ತು. ಬೆರಳಿನಲ್ಲಿ ಸಕ್ಕರೆ ಪಾಕ ತೆಗೆದು ಅವನ ವಸಡಿಗೆ ಸವರತೊಡಗಿದರು.

“ಅಯ್ಯೋ, ಸಕ್ಕರೆನಾ? ಅದೇ ತಾನೇ ಇವನ ಶತ್ರು!”

“ಈಗ ಅದೇ ಇವನ ಜೀವ. ಗಟ್ಟಿಯಾಗಿ ಹಿಡ್ಕೊಳ್ಳಿ.”

ರಕ್ತನಾಳಕ್ಕೆ ಗ್ಲೂಕೋಸ್ ಹನಿಯುತ್ತಾ ಹೋದಂತೆ ನಡುಕ ನಿಂತಿತು. ಕಣ್ಣು ತೆರೆದ ದೊರೆ, ಮೊಟ್ಟಮೊದಲು ಮಾಡಿದ ಕೆಲಸವೆಂದರೆ ಡಾಕ್ಟರಮ್ಮನವರ ಬೆರಳನ್ನು ಕಚ್ಚಿದ್ದು.

“ಕಚ್ಚಿದ! ಕಚ್ಚಿದ!” ದರ್ಜಿ ಅಳುತ್ತಲೇ ನಕ್ಕರು.

“ದೊರೆಯಲ್ವಾ, ಕಪ್ಪ ವಸೂಲಿ ಮಾಡ್ತಿದ್ದಾನೆ,” ಎಂದರು ಡಾಕ್ಟರಮ್ಮ.

ಸೂಜಿ ಹಂತಹಂತವಾಗಿ ಇಳಿಯಿತು. ಕೊನೆಗೊಂದು ದಿನ, ಮತ್ತೆಮತ್ತೆ ಪರೀಕ್ಷಿಸಿದ ಮೇಲೆ, ಬೇಡವೇ ಆಯಿತು. ಆದರೆ ಡಾಕ್ಟರಮ್ಮ ಅಂದು ಕಲಿತದ್ದನ್ನು ಬಿಡಲಿಲ್ಲ. ಎಂಥ ಪೊಟ್ಟಣ ಬಂದರೂ ಮುಖ ಅಲುಗದಂತೆ ನೂರರಿಂದ ಕಳೆದು ಲೆಕ್ಕ ಹಾಕುತ್ತಿದ್ದರು. ಮೊದಲು ಸೂಜಿಯ ಮಾತು ಮುಗಿಸಿ, ಅದನ್ನು ಬಂದವರ ಬಾಯಿಂದಲೇ ಮತ್ತೊಮ್ಮೆ ಹೇಳಿಸಿ, ಆಮೇಲಷ್ಟೇ ಊಟದ ಮಾತು. ಎದುರಿಗಿದ್ದವರು ಬೆದರಬಾರದೆಂದು ತಮ್ಮ ಬೆಚ್ಚುವಿಕೆಯನ್ನೆಲ್ಲ ಒಳಗೇ ನುಂಗಿದರು. ಕಿರಿಯರಾದ ನಮ್ಮ ತಪ್ಪುಗಳ ಮುಂದೆಯೂ ಅವರ ಮುಖ ಹಾಗೇ ಇರುತ್ತಿತ್ತು. ಮೇಜಿನ ಕೆಳಗೆ ಸೆರಗಿನ ತುದಿಯನ್ನು ಮಾತ್ರ ಬಿಗಿಯಾಗಿ ಹಿಡಿದಿರುತ್ತಿದ್ದರು.

ಡಾಕ್ಟರಮ್ಮನವರಿಗೆ ದೀರ್ಘಾಯುಷ್ಯವಿರಲಿ, ಓದಲು ಖಾಲಿ ಪೊಟ್ಟಣಗಳು ಮನೆಗೂ ಬರುತ್ತಿರಲಿ. ಇನ್ನು ಎದುರಿಗೆ ಬೆದರುವವರು ಯಾರೂ ಇಲ್ಲ; ಇಷ್ಟು ವರ್ಷ ನುಂಗಿಕೊಂಡ “ಅಯ್ಯಯ್ಯೋ”ಗಳನ್ನೆಲ್ಲ ಅವರು ಮನಸಾರೆ, ಬೀದಿಗೆ ಕೇಳುವಂತೆ ಕೂಗಲಿ.