ಕಿಟಕಿಯಲ್ಲಿ ಹಿಡಿದ ರೈಫಲ್

ಹಳೇ ಕಾಲದ ಸೆಮಿ-ಆಟೊಮ್ಯಾಟಿಕ್ ಪಾಯಿಂಟ್ ಟೂ-ಟೂ ರೈಫಲ್ ಸಂಗ್ರಹಿಸೋದು ನನ್ನ ಹುಚ್ಚು. ಕೋವಿಡ್ ಸಮಯದಲ್ಲಿ ಲೈಸೆನ್ಸ್ ರಿನ್ಯೂ ಮಾಡೋಕೆ ಒಂದು ರೈಫಲ್ ಮೇಲಿನ ನಂಬರ್ ನೋಡ್ಬೇಕು ಅಂತ ಪರದೇಶದ ಲೆಟರ್‌ಕೆನ್ನಿ ಊರಿನ ನಮ್ಮ ಮನೆಗೆ ಯೂನಿಫಾರ್ಮ್ ಮೇಲೆ ರೇನ್‌ಕೋಟ್ ಹಾಕ್ಕೊಂಡು ಪೊಲೀಸಪ್ಪ ಬಂದ. ಸೋಂಕಿನ ಭಯಕ್ಕೆ ಒಳಗೆ ಬರಲಿಲ್ಲ.

"ಕಿಟಕಿ ಹತ್ರ ಹಿಡೀರಿ ಡಾಕ್ಟ್ರೇ, ಇಲ್ಲಿಂದಲೇ ಓದ್ತೀನಿ."

ಹಿಡಿದೆ. ನಂಬರ್ ಸವೆದುಹೋಗಿತ್ತು. "ಇನ್ನೂ ಮೇಲಕ್ಕೆ!" ಅಂತ ಅವನು ಎರಡೂ ಕೈ ಎತ್ತಿ ತೋರಿಸಿದ. ಅಷ್ಟರಲ್ಲಿ ಸ್ಟೇಷನ್‌ನಿಂದ ಅವನಿಗೆ ಫೋನ್ ಬಂತು. ನಮ್ಮ ಬೀದೀಲಿ ಯಾರೋ ಬಂದೂಕು ತೋರಿಸಿ ಒಬ್ಬನ ಕೈ ಎತ್ತಿಸಿದ್ದಾನೆ ಅಂತ ಎದುರುಮನೆ ಅಜ್ಜಿ ದೂರು ಕೊಟ್ಟಿದ್ರಂತೆ.

"ಕೈ ಎತ್ತಿರೋನು ನಾನೇ" ಅಂದ.

ಆಮೇಲೆ ಫಾರಂನಲ್ಲಿ ಬಂದೂಕಿನ ಭದ್ರತೆಗೆ ಏನು ವ್ಯವಸ್ಥೆ ಇದೆ ಅನ್ನೋ ಕಡೆ ಬರೆದ: "ಕಬ್ಬಿಣದ ಬೀರು, ಎದುರುಮನೆ ಅಜ್ಜಿ."

ಲೈಸೆನ್ಸ್ ಬಂತು. ಈಗ ಬೀರುವಿನ ಬೀಗಕ್ಕೆ ಆಗಾಗ ಎಣ್ಣೆ ಹಾಕ್ತೀನಿ, ಅಜ್ಜಿಗೆ ಹಬ್ಬಕ್ಕೆ ಬಿರಿಯಾನಿ ಕಳಿಸ್ತೀನಿ.